ಏರಿತೋ, ಇಳೀತೋ

ಬೆನ್ನಿನ ಚೀಟಿ ಇಲ್ಲದೆ ಹಮಾಲರನ್ನು ಮಿಲ್ಲಿನೊಳಗೆ ಬಿಡಬಾರದೆಂಬ ಕಾನೂನು ಬಂದು ಅದು ಎರಡನೆಯ ವರ್ಷ. ಅಷ್ಟು ಹೊತ್ತಿಗೆ ಭತ್ತ ಕುದಿಸುವುದು, ಒಣಗಿಸುವುದು, ಅಕ್ಕಿಯೊಳಗಿನ ಕಪ್ಪುಕಾಳು ಆರಿಸುವುದು ಎಲ್ಲವೂ ಯಂತ್ರಗಳ ಪಾಲಾಗಿತ್ತು. ಆದರೆ ಕಾಲುವೆ ಮಗ್ಗುಲಿನ ಆ ಹಳೇ ಮಿಲ್ಲಿನ ಗೋದಾಮಿನಲ್ಲಿ ಚೀಲದ ಮೇಲೆ ಚೀಲ ಪೇರಿಸಿದ ಥಪ್ಪಿಯನ್ನು ಹತ್ತುವ ಯಂತ್ರ ಮಾತ್ರ ಇನ್ನೂ ಹುಟ್ಟಿರಲಿಲ್ಲ. ಅದಕ್ಕೆ ಮನುಷ್ಯರ ಬೆನ್ನೇ ಬೇಕಾಗಿತ್ತು. ನಲವತ್ತೊಂದು ಬೆನ್ನು.

ಗೇಟಿನ ಪಕ್ಕ ತಗಡಿನ ನೆರಳಿನಲ್ಲಿ ಚೀಟಿ ಕೊಡುವ ಯಂತ್ರ ನಿಂತಿತ್ತು. ಕಾಲಿಡಲು ಒಂದು ಹಲಗೆ, ಸೊಂಟಕ್ಕೆ ಕಟ್ಟಿಕೊಳ್ಳಲು ಒಂದು ಅಗಲ ಪಟ್ಟಿ, ಎದುರಿಗೆ ಮಾತಾಡುವ ಡಬ್ಬಿ. ಹಲಗೆ ಮೇಲೆ ನಿಂತು ಹತ್ತು ಸಲ ಮುಂದಕ್ಕೆ ಬಾಗಿ ಏಳಬೇಕು. ಅದಕ್ಕೇ ಹಮಾಲರು ಅದಕ್ಕೆ ಹತ್ತೆಣಿಕಿ ಅಂತ ಹೆಸರಿಟ್ಟಿದ್ದರು. ಬೆನ್ನು ಎಷ್ಟು ಬಾಗಿತು, ಎಲ್ಲಿ ತಡವರಿಸಿತು ಅನ್ನುವುದನ್ನು ಪಟ್ಟಿ ಅಳೆಯುತ್ತಿತ್ತು. ಆದರೆ ನೋವನ್ನು ಯಾವ ಪಟ್ಟಿಯೂ ಅಳೆಯಲಾರದು. ಅದನ್ನು ಕೇಳಿಯೇ ತಿಳಿಯಬೇಕು. ಹತ್ತು ಮುಗಿದ ಮೇಲೆ ಡಬ್ಬಿ ಕೇಳುತ್ತಿತ್ತು:

"ನೋವು ಏನಾತಪಾ? ಏರಿತೋ, ಇಳೀತೋ, ಇದ್ದಂಗ ಐತೋ?"

ಉತ್ತರ ನೋಡಿ ಚೀಟಿ ಬರುತ್ತಿತ್ತು. ಹಸಿರು ಬಂದರೆ ಕೆಲಸ. ಕೆಂಪು ಬಂದರೆ ಮನೆ, ಆ ದಿನದ ಅರ್ಧ ಕೂಲಿ ಮಿಲ್ಲಿನವರೇ ಕೊಡಬೇಕು.

ಹಾಗೆ ಕೇಳುವ ದನಿ ಹುಲಗಪ್ಪನದು.

ಹುಲಗಪ್ಪ ಮೂವತ್ತೆಂಟು ವರ್ಷ ಅದೇ ಮಿಲ್ಲಿನಲ್ಲಿ ಚೀಲ ಹೊತ್ತವನು, ಕಡೆಯ ಹನ್ನೆರಡು ವರ್ಷ ಹಮಾಲರ ಮುಕಾದಮನಾಗಿದ್ದವನು. ಈಗ ಎಪ್ಪತ್ತೊಂದು. ಎರಡನೇ ಈಯತ್ತೆಯಲ್ಲಿ ಪಾಟಿ ಒಡೆದದ್ದೇ ನೆಪವಾಗಿ ಸಾಲಿ ಬಿಟ್ಟವನು. ಬರೆದಿಡಲು ಬಾರದ್ದಕ್ಕೋ ಏನೋ, ಯಾವ ಸುಗ್ಗಿಯಲ್ಲಿ ಯಾರ ಬೆನ್ನು ಹೋಯಿತು, ಹೋಗುವ ಮುಂಚೆ ಅವನು ಏನಂದ, ಎಲ್ಲ ಅವನ ತಲೆಯಲ್ಲಿ ಇದ್ದ ಹಾಗೇ ಇತ್ತು. ದಿನಾ ಬೆಳಿಗ್ಗೆ ಗೇಟಿನೆದುರಿನ ಚಹಾದಂಗಡಿಯ ಬಾಂಕಿನ ಮೇಲೆ ಕೂತು ತನ್ನ ದನಿಯನ್ನು ತಾನೇ ಕೇಳುವುದು ಅವನ ಒಂದು ಸುಖ. ಅದನ್ನು ಯಾರಿಗೂ ಹೇಳಿರಲಿಲ್ಲ. ಡಬ್ಬಿಯ ಪ್ರಶ್ನೆ ಮಾತ್ರ ಅಲ್ಲಿಗೆ ಕೇಳುತ್ತಿತ್ತು, ಹಮಾಲರ ಉತ್ತರ ಕೇಳುತ್ತಿರಲಿಲ್ಲ.

"ಮುಕಾದಮ್ ಕಾಕಾ, ನೀ ಇಲ್ಲಿ ಚಾ ಕುಡಿಯಾಕತ್ತೀದಿ, ಅಲ್ಲಿ ನನ್ನ ಸೊಂಟ ವಿಚಾರಸಾಕತ್ತೀದಿ," ಅಂತ ಪಾಳಿಗೆ ಹೊರಟ ಹಮಾಲ ಮೌಲಾಸಾಬ ಚುಡಾಯಿಸುತ್ತಿದ್ದ. "ಎರಡೂ ಕಡೆ ಪಗಾರ ಐತೇನು?"

"ಚಾ ಅಷ್ಟ ಐತಿ. ನೀ ಹೋಗಿ ಬಾಗು," ಅನ್ನುತ್ತಿದ್ದ ಹುಲಗಪ್ಪ.

ಒಂದೇ ಒಂದು ಕುಂದು ಅವನಿಗೆ ಕೇಳಿಸುತ್ತಿತ್ತು. 'ಇಳೀತೋ' ಅಂದ ಮೇಲೆ, 'ಇದ್ದಂಗ' ಅನ್ನುವುದಕ್ಕೆ ಮುಂಚೆ, ದನಿ ಒಂದು ಕ್ಷಣ ತಡೆಯುತ್ತಿತ್ತು. ಉಗುಳು ನುಂಗಿದ ಹಾಗೆ. ವಯಸ್ಸಾದವನ ಗಂಟಲು, ಮಾತಾಡುವಾಗ ಹಾಗೆ ನುಂಗಿರಬೇಕು ಅಂದುಕೊಂಡು ಸುಮ್ಮನಾಗಿದ್ದ.

ದನಿ ಕೊಟ್ಟದ್ದಕ್ಕೆ ಒಂದು ಹಿನ್ನೆಲೆ ಇತ್ತು. ಹಮಾಲಿಯಲ್ಲಿ ಇಬ್ಬರು ಎತ್ತಿ ಒಬ್ಬನ ಬೆನ್ನಿಗೆ ಕೊಡುತ್ತಾರೆ. ಎತ್ತುವ ಆ ಇಬ್ಬರಿಗೆ ಜೋಡಿ ಅನ್ನುತ್ತಾರೆ. ಹುಲಗಪ್ಪನ ಜೋಡಿ ಯಂಕಪ್ಪ. ಒಂದು ಹಿಂಗಾರಿನಲ್ಲಿ ಯಂಕಪ್ಪ ಚೀಲ ಎತ್ತಲು ಬಾಗಿದವನು ಎಡತೊಡೆ ಹಿಡಿದುಕೊಂಡು, "ಇಳೀತೋ ಹುಲಗ್ಯಾ," ಅಂದ. ಸೊಂಟದಲ್ಲಿದ್ದ ಚಳಕು ಕಾಲಿಗೆ ಇಳಿಯಿತು ಅಂತ. ಆಮೇಲೆ ಹದಿನಾರು ದಿನ ಹಾಗೇ ಚೀಲ ಎತ್ತಿದ. ಹದಿನೇಳನೆಯ ದಿನ ಕಾಲು ಎತ್ತಲಾಗಲಿಲ್ಲ. ಹನ್ನೊಂದು ವರ್ಷ ಹೊರಸಿನ ಮೇಲೆ ಇದ್ದು ಸತ್ತ. ಅವನ ಮಗಳು ಅನಸೂಯಾ ಆಗ ಆರರ ಹುಡುಗಿ. ಅಪ್ಪನ ಕಾಲು ತಿಕ್ಕುತ್ತ ಬೆಳೆದವಳು ಬೆನ್ನಿನ ಚಿಕಿತ್ಸೆಯನ್ನೇ ಓದಿದಳು. ಕಾಲೇಜಿಗೆ ಹೋಗುವ ಮೊದಲ ದಿನ ಬಸ್ ಸ್ಟ್ಯಾಂಡಿನವರೆಗೆ ಅವಳ ಟ್ರಂಕು ಹೊತ್ತವನು ಹುಲಗಪ್ಪನೇ.

ಮೂರು ವರ್ಷದ ಹಿಂದೆ ಅವಳು ಕಾರಿನಲ್ಲಿ ಬಂದು, "ಕಾಕಾ, ಯಂತ್ರಕ್ಕ ಹಮಾಲರ ಮಾತು ಕಲಸಬೇಕು. ನೀ ಬಾ," ಅಂದಳು.

ಅವಳು ಕೆಲಸ ಮಾಡುತ್ತಿದ್ದ, ಆ ಯಂತ್ರ ತಯಾರಿಸುವ ಬೆನ್ನಿನ ಕೇಂದ್ರದ ತಣ್ಣಗಿನ ಕೋಣೆಯಲ್ಲಿ ನಲವತ್ತು ದಿನ ಅವನು ಕೂತ. ಮೊದಲನೆಯ ದಿನ ಅವಳು ಅವನ ಬೆನ್ನನ್ನೇ ಪರೀಕ್ಷೆ ಮಾಡಿದಳು. ನಿಂತು ಹತ್ತು ಸಲ ಮುಂದಕ್ಕೆ ಬಾಗಿಸಿದಳು. ಮೀನಖಂಡದಲ್ಲಿ ಅವನ ಹಳೇ ಜುಮುಜುಮು ಎದ್ದಿತು. ಆಮೇಲೆ ಬೋರಲು ಮಲಗಿಸಿ, ಅಂಗೈ ಊರಿ, ಹಾವು ಹೆಡೆ ಎತ್ತಿದ ಹಾಗೆ ಎದೆ ಎತ್ತು ಅಂದಳು. ಐದನೆಯದಕ್ಕೆ ನೋವು ಮೀನಖಂಡ ಬಿಟ್ಟಿತು, ಎಂಟನೆಯದಕ್ಕೆ ತೊಡೆ ಬಿಟ್ಟಿತು, ಹತ್ತಕ್ಕೆ ನೋವೆಲ್ಲ ಸೊಂಟದಲ್ಲಿ ಒಂದು ರೂಪಾಯಿಯಷ್ಟಗಲ ಬಂದು ನಿಂತಿತು. ಅಲ್ಲಿ ಮಾತ್ರ ಮೊದಲಿಗಿಂತ ಜೋರು.

"ಏರಿತವ್ವ," ಅಂದ.

ಅವಳ ಮುಖ ಅರಳಿತು. "ಛಲೋ ಆತು ಕಾಕಾ. ನೋವಿನ ಜೋರು ನೋಡಬ್ಯಾಡ, ಜಾಗ ನೋಡು. ಕಾಲಿಂದ ಸೊಂಟಕ್ಕ ಏರಿದ್ರ ನರ ಬಿಡುಗಡಿ ಆಗಾಕತ್ತೈತಿ ಅಂತ. ಸೊಂಟದಿಂದ ಕಾಲಿಗೆ ಇಳಿದ್ರ ನರ ಸಿಕ್ಕೊಳ್ಳಾಕತ್ತೈತಿ ಅಂತ. ಯಾವ ಕಡೆ ಬಾಗಿದ್ರ ಏರತೈತಿ, ಯಾವ ಕಡೆ ಬಾಗಿದ್ರ ಇಳಿತೈತಿ, ಅಷ್ಟು ತಿಳಿದ್ರ ಅರ್ಧ ಔಷಧ ಸಿಕ್ಕಂಗ."

ಇದು ಹಮಾಲರಿಗೆ ಹೊಸದೇನಲ್ಲ. ಅವರ ಬಾಯಲ್ಲಿ ನೋವು ಚೀಲದ ಹಾಗೆ ಏರುತ್ತದೆ, ಇಳಿಯುತ್ತದೆ. ಕಡಿಮೆ ಆಯಿತು ಅನ್ನುವುದಕ್ಕೆ ಅವರದೇ ಮಾತು ಬೇರೆ ಇದೆ, ಹಗುರಾತು. ಭಾರ ಹೊರುವವರಿಗೆ ಕಡಿಮೆ ಅಂದರೆ ಹಗುರ. ಇದನ್ನು ಹುಲಗಪ್ಪ ಯಂತ್ರಕ್ಕೆ ದಿನಗಟ್ಟಲೆ ಹೇಳಿದ. ನಲವತ್ತನೆಯ ದಿನ ಯಂತ್ರ ತಿರುಗಿ ಒಪ್ಪಿಸಿತು: ಏರಿತು ಅಂದರೆ ಸೊಂಟಕ್ಕೆ ಬಂತು, ಇಳೀತು ಅಂದರೆ ಕಾಲಿಗೆ ಹೋಯಿತು, ಹಗುರಾತು ಅಂದರೆ ಕಡಿಮೆಯಾಯಿತು. ಯಂಕಪ್ಪನ ಮಾತು ತಿಳಿಯುವಂಥದ್ದು ಒಂದು ಆಗ ಇದ್ದಿದ್ದರೆ ಅಂತ ಹುಲಗಪ್ಪನಿಗೆ ಅನಿಸಿತು. ಅವಳು ಒಂದು ಕಾಗದ ಕೊಟ್ಟಳು, ಹೆಬ್ಬೆಟ್ಟು ಒತ್ತಿದ. ಊರಿಗೆ ಬಂದು ಹಮಾಲರನ್ನೆಲ್ಲ ಕೂಡಿಸಿ, "ನನ್ನ ದನಿ ಐತಿ ಅದರಾಗ. ಅದು ಹೇಳಿದ್ದು ನಾ ಹೇಳಿದ್ದು ಅಂತ ತಿಳೀರಿ," ಅಂದ. ಅವರು ಹಾಗೇ ತಿಳಿದರು.

ಅವನ ಅಳಿಯ ದುರಗಪ್ಪ ಎಲ್ಲರಿಗಿಂತ ಹೆಚ್ಚಾಗಿ ಹಾಗೆ ತಿಳಿದ. ದುರಗಪ್ಪ ಹುಲಗಪ್ಪನ ಅಕ್ಕನ ಮಗ, ಮಗಳು ಗೌರವ್ವನ ಗಂಡ, ಮೂವತ್ನಾಲ್ಕರ ಆಳು. ಎಲ್ಲರೂ ಇರುವುದು ಒಂದೇ ಮನೆಯಲ್ಲಿ. ಆ ಚಳಿಗಾಲದಲ್ಲಿ ಅವನ ಸೊಂಟ ಹಿಡಿದಿತ್ತು. ಆದರೆ ದಿನಾ ಹಸಿರು ಚೀಟಿಯೇ ಬರುತ್ತಿತ್ತು. ಅದಲ್ಲದೆ, 'ಮುಂದಕ್ಕ ಬಾಗೋದು ನಿನಗ ಕೂಡಿ ಬಂದೈತಿ, ಮನ್ಯಾಗೂ ದಿನಕ್ಕ ಆರು ಸಲ ಹತ್ತು ಹತ್ತು ಬಾಗು' ಅಂತ ಡಬ್ಬಿ ಹೇಳಿತ್ತು. ದುರಗಪ್ಪ ಹಿತ್ತಲಿನ ಗೋಡೆಯ ಪಕ್ಕ ನಿಂತು ಬಾಗುವನು. ಗೌರವ್ವ ರೊಟ್ಟಿ ಬಡಿಯುತ್ತಲೇ ಎಣಿಸುವಳು.

ಅವತ್ತು ಬೆಳಿಗ್ಗೆ ದುರಗಪ್ಪ ಕೆಲಸಕ್ಕೆ ಹೊರಟ. ಅಂಗಳ ದಾಟಿ, ಬೋರಿನ ನಳ ದಾಟಿ, ಓಣಿಯ ತಿರುವಿನವರೆಗೆ ಹೋದ. ಹೊಸ್ತಿಲಿನಲ್ಲಿ ಕೂತಿದ್ದ ಹುಲಗಪ್ಪ ನೋಡಿದರೆ ಎಡಗಾಲಿನ ಚಪ್ಪಲಿ ನಳದ ಹತ್ತಿರವೇ ಬಿದ್ದಿದೆ.

"ದುರಗ್ಯಾ, ಚಪ್ಪಲಿ."

ದುರಗಪ್ಪ ತಿರುಗಿ ನೋಡಿದ, ಕಾಲು ನೋಡಿಕೊಂಡ, ನಕ್ಕ. "ಬಾರು ಸಡಲಾಗೈತಿ ಮಾವ. ಮೂರು ದಿನದಿಂದ ಹಿಂಗ."

ಹುಲಗಪ್ಪ ಎದ್ದು ಹೋಗಿ ಚಪ್ಪಲಿ ಎತ್ತಿ ನೋಡಿದ. ಬಾರು ಬಿಗಿಯಾಗಿಯೇ ಇತ್ತು. ಆದರೆ ಮುಂಗಾಲಿನ ಅಂಚು ಅರ ಹಾಕಿ ತಿಕ್ಕಿದ ಹಾಗೆ ಸವೆದಿತ್ತು. ಯಂಕಪ್ಪನ ಎಡ ಚಪ್ಪಲಿಯೂ ಅಲ್ಲೇ ಸವೆದಿತ್ತು. ಪಾದ ನೆಲ ಬಿಟ್ಟು ಏಳದವನ ಚಪ್ಪಲಿ ಅಲ್ಲೇ ಸವೆಯುತ್ತದೆ.

"ಬರಿಗಾಲಾಗ ನಡದದ್ದು ಗೊತ್ತಾಗಲಿಲ್ಲೇನು?"

"ಇಲ್ಲ."

"ಕುತ್ಗೋ ಇಲ್ಲೆ. ಬಾಗಿದಾಗ ನೋವು ಏನಾಗತೈತಿ?"

"ಇಳಿತೈತಿ. ಮೊದಲ ಮಣಕಾಲಿನ ತನಕ ಇಳೀತಿತ್ತು. ಈಗ ಹೆಬ್ಬಟ್ಟಿನ ತನಕ."

"ಹತ್ತೆಣಿಕಿಗೆ ಹೇಳೀಯೇನು ಇದನ್ನ?"

"ದಿನಾ ಹೇಳ್ತೀನಿ, ಇಳೀತು ಅಂತ."

"ಅದು ಏನಂತೈತಿ?"

ದುರಗಪ್ಪ ಮಾವನ ಮುಖ ನೋಡಿದ. ಏನೋ ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡನೇನೋ. "ಛಲೋ ಆತು, ಕೆಲಸಕ್ಕ ಹೋಗು ಅಂತೈತಿ. ನೀನ ಹೇಳ್ತೀಯಲ್ಲ ಮಾವ, ನನ್ನೇನು ಕೇಳ್ತೀ?"

ಹುಲಗಪ್ಪ ಚಪ್ಪಲಿ ಕೆಳಗಿಟ್ಟ. ಅಳಿಯನನ್ನು ಹೊರಸಿನ ಮೇಲೆ ಮಲಗಿಸಿ, ಗಾಡಿ ತರಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು ಅಂತ ಮಗಳಿಗೆ ಹೇಳಿ, ತಾನು ಮಿಲ್ಲಿನ ಕಡೆ ನಡೆದ. ಪಾಳಿಯವರೆಲ್ಲ ಒಳಗೆ ಹೋಗಿ ಗೇಟು ಖಾಲಿ ಇತ್ತು. ಹಲಗೆ ಹತ್ತಿ ಪಟ್ಟಿ ಕಟ್ಟಿಕೊಂಡ. ಹತ್ತು ಸಲ ಬಾಗಿದ. ಮಿಲ್ಲಿನ ಗೇಟಿಗೆ ಯಂತ್ರ ಬಂದ ಮೇಲೆ ಅವನು ಅದರ ಮುಂದೆ ನಿಂತದ್ದು ಅದೇ ಮೊದಲು.

"ನೋವು ಏನಾತಪಾ?" ಅಂತ ಅವನ ದನಿ ಅವನನ್ನೇ ಕೇಳಿತು. "ಏರಿತೋ, ಇಳೀತೋ," ಆಮೇಲೆ ಆ ಸಣ್ಣ ತಡೆ, "ಇದ್ದಂಗ ಐತೋ?"

ಹತ್ತಿರದಿಂದ ಕೇಳಿದಾಗ ಅದು ಉಗುಳು ನುಂಗಿದ್ದಲ್ಲ. ಅಲ್ಲೊಂದು ಮಾತು ಇತ್ತು, ಕತ್ತರಿಸಿದ್ದರು. ತಾನು ಆ ಕೋಣೆಯಲ್ಲಿ ಕೂತು ಏನು ಹೇಳಿದ್ದೆ ಅನ್ನುವುದು ಅವನಿಗೆ ಅಕ್ಷರಕ್ಕಕ್ಷರ ನೆನಪಿತ್ತು. ಏರಿತೋ, ಇಳೀತೋ, ಹಗುರಾತೋ, ಇದ್ದಂಗ ಐತೋ.

"ಹಗುರಾತು," ಅಂದ.

"ತಿಳೀಲಿಲ್ಲ. ಇನ್ನೊಮ್ಮೆ ಹೇಳು," ಅಂದಿತು ಅವನ ದನಿ.

"ಹಗುರಾತು."

"ತಿಳೀಲಿಲ್ಲ. ಇನ್ನೊಮ್ಮೆ ಹೇಳು."

ಮತ್ತೆ ಬಾಗಿದ. ಈ ಸಲ "ಏರಿತು" ಅಂದ. ಕೆಂಪು ಚೀಟಿ ಬಂತು. ಮತ್ತೆ ಹತ್ತು. ಮೀನಖಂಡ ಉರಿಯತೊಡಗಿತು, ಪಾದದವರೆಗೆ ಹೋಯಿತು. "ಇಳೀತು," ಅಂದ.

"ಛಲೋ ಆತು. ಕೆಲಸಕ್ಕ ಹೋಗು." ಹಸಿರು ಚೀಟಿ.

ಆ ಚೀಟಿಯನ್ನು ಮಡಿಚಿ ಅಂಗಿಯ ಕಿಸೆಗೆ ಹಾಕಿಕೊಂಡು ಹುಲಗಪ್ಪ ಬೆನ್ನಿನ ಕೇಂದ್ರಕ್ಕೆ ಬಸ್ಸು ಹತ್ತಿದ.

ಅನಸೂಯಾ ಅವನನ್ನು ಪರದೆಗಳ ಕೋಣೆಗೇ ಕರೆಸಿಕೊಂಡಳು. ಗೋಡೆ ತುಂಬ ಹದಿನೇಳು ಪರದೆ, ಹದಿನೇಳು ಮಿಲ್ಲಿನ ಗೇಟು. ಮಧ್ಯಾಹ್ನದ ಪಾಳಿ ಬದಲಾಗುವ ಹೊತ್ತು. ಎಲ್ಲ ಗೇಟಿನಲ್ಲೂ ಮಂದಿ ಬಾಗುತ್ತಿದ್ದರು. ಸಣ್ಣಗೆ, ಒಂದರ ಮೇಲೊಂದು, ಹುಲಗಪ್ಪನ ದನಿ ಹದಿನೇಳು ಕಡೆ ಕೇಳುತ್ತಿತ್ತು. ನೋವು ಏನಾತಪಾ. ನೋವು ಏನಾತಪಾ.

"ಬಾ ಕಾಕಾ, ಕುಂದ್ರು. ಊಟ ಆತೇನು?"

ಅವನು ಕೂರಲಿಲ್ಲ. ಹಸಿರು ಚೀಟಿ ಮೇಜಿನ ಮೇಲೆ ಇಟ್ಟ. "ನಮ್ಮ ದುರಗ್ಯಾನ ಕಾಲಾಗಿನ ಚಪ್ಪಲಿ ಬಿದ್ದದ್ದು ಅವಗ ಗೊತ್ತಾಗಲಿಲ್ಲವ್ವ."

ಅವಳ ಕೈ ಚೀಟಿಯ ಹತ್ತಿರ ಬಂದು ನಿಂತಿತು.

"ಹಗುರಾತು ಅನ್ನೋದು ಎಲ್ಲಿ ಹೋತು?" ಅಂದ. "ನಲವತ್ತು ದಿನ ಕಲಿಸಿದ್ದೆ. ಯಂತ್ರ ಮರತಿತೋ, ಮರಸಿದರೋ?"

ಅವಳು ಚೀಟಿಯನ್ನು ಪಕ್ಕಕ್ಕೆ ಸರಿಸಿದಳು. ದನಿ ಡಾಕ್ಟರರದಾಗಿತ್ತು. "ಗೇಟಿಗೆ ತರೋ ಮುಂಚೆ ನಿಮ್ಮ ಗೋದಾಮಿನಾಗ ಒಂದು ವಾರ ನೀ ಕಲಿಸಿದಂಗ ಇಟ್ಟಿದ್ವಿ. ನಲವತ್ತೊಂದು ಮಂದ್ಯಾಗ ಇಪ್ಪತ್ತಾರು ಮಂದಿಗೆ ಕೆಂಪು ಬಂತು. ಮಿಲ್ಲಿನವ್ರು ಕೂಡಿ ಬಂದ್ರು. ಹಿಂಗಾದ್ರ ಯಂತ್ರ ಕಿತ್ತು ಹಾಕ್ತೀವಿ, ಕಾನೂನೂ ತಗಸ್ತೀವಿ ಅಂದ್ರು. ಕೇಂದ್ರ ಮುಚ್ಚಿದ್ರ ಒಬ್ಬರಿಗೂ ಉಪಯೋಗ ಇರ್ತಿರಲಿಲ್ಲ ಕಾಕಾ."

"ಅದಕ್ಕ?"

"ಪುಸ್ತಕದ ಕನ್ನಡ ಹಾಕಿದ್ವಿ. ಪುಸ್ತಕದಾಗ ನೋವು ಇಳೀತು ಅಂದ್ರ ಕಡಿಮಿ ಆತು ಅಂತನ ಐತಿ. ಏರಿತು ಅಂದ್ರ ಜಾಸ್ತಿ ಆತು ಅಂತ. ಸುಳ್ಳೇನಲ್ಲ ಅದು. ಯಾರ ಮುಂದ ಇಟ್ಟರೂ ಒಪ್ತಾರ."

"ಹಗುರಾತು ಅನ್ನೋದನ್ನ ಯಾಕ ತಗದ್ರಿ? ಅದು ಯಾರಿಗೆ ಏನು ಮಾಡಿತ್ತು?"

"ಎರಡೂ ಮಾತು ಇದ್ರ ಯಂತ್ರ ತಾನ ಫರಕು ಹುಡುಕತಿತ್ತು," ಅಂದಳು ಅನಸೂಯಾ. "ಪಟ್ಟಿ ಬೆನ್ನು ಅಳೀತೈತಲ್ಲ. ಹಗುರಾತು ಅಂದವ್ರ ಬೆನ್ನು ಸಡಲಾಗಿರ್ತಿತ್ತು, ಇಳೀತು ಅಂದವ್ರದು ಬಿಗದಿರ್ತಿತ್ತು. ಒಂದು ತಿಂಗಳದಾಗ ಅದಕ್ಕ ತಿಳದು ಬಿಡತಿತ್ತು. ಅದಕ್ಕ ಒಂದು ಮಾತು ತಗೀಬೇಕಾತು."

"ಯಾರು ತಗದ್ರು?"

"ಉಳಿದವ್ರಿಗೆ ಈ ಫರಕು ಗೊತ್ತಿರಲಿಲ್ಲ ಕಾಕಾ."

ಅಷ್ಟೇ ಹೇಳಿದಳು. ಉಳಿದವರಿಗೆ ಗೊತ್ತಿರಲಿಲ್ಲ. ಆ ಕಟ್ಟಡದಲ್ಲಿ ಹಮಾಲರ ಮನೆಯಲ್ಲಿ ಹುಟ್ಟಿದವಳು ಅವಳೊಬ್ಬಳೇ. ಎಲ್ಲಿ ಕತ್ತರಿ ಹಾಕಿದರೆ ಸದ್ದಾಗುವುದಿಲ್ಲ ಅನ್ನುವುದು ಅವಳೊಬ್ಬಳಿಗೇ ತಿಳಿಯುವಂಥದ್ದು.

"ನಿಮ್ಮಪ್ಪ ಇಳೀತೋ ಹುಲಗ್ಯಾ ಅಂದಾಗ ಏನು ಹೇಳಿದ್ದ ಹಂಗಾದ್ರ?" ಅಂದ ಹುಲಗಪ್ಪ, ಮೆಲ್ಲಗೆ. "ಕಡಿಮಿ ಆತು ಅಂತಿದ್ದನೇನು? ಹನ್ನೊಂದು ವರ್ಷ ಕಡಿಮಿ ಆಗಿ ಮಲಗಿದ್ದನೇನವ್ವ?"

ಅವಳು ಪರದೆಗಳ ಕಡೆ ತಿರುಗಿ ಕೂತಳು. ಅಳುತ್ತಿದ್ದಳೋ ಇಲ್ಲವೋ ಅವನು ನೋಡಲು ಹೋಗಲಿಲ್ಲ.

"ನನ್ನ ದನಿ ತಿರುಗಿ ಕೊಡು. ಬ್ಯಾರೆ ಯಾರದರೆ ದನ್ಯಾಗ ಕೇಳಿಕೋರಿ."

"ಅದು ಕೇಂದ್ರದ್ದು ಕಾಕಾ. ನೀ ಹೆಬ್ಬಟ್ಟು ಒತ್ತೀದಿ. ಕಾಗದ ಐತಿ."

"ಓದಿ ಹೇಳಿದ್ಯೇನು ಅವತ್ತು?"

"ನೀ ಕೇಳಲಿಲ್ಲ," ಅಂದಳು ಅನಸೂಯಾ.

ಅದು ಖರೆ. ಯಂಕಪ್ಪನ ಮಗಳು ಕೊಟ್ಟ ಕಾಗದ ಅಂತ ಅವನು ಕೇಳಿರಲಿಲ್ಲ. ಅವಳ ಟ್ರಂಕಿನೊಳಗೆ ಏನಿದೆ ಅಂತಲೂ ಅವತ್ತು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಹುಲಗಪ್ಪ ಚಹಾದಂಗಡಿಯಲ್ಲಿ ಕೂರಲಿಲ್ಲ. ಗೇಟಿಗಿಂತ ಹಿಂದೆ, ಕಾಲುವೆಯ ಸೇತುವೆ ಹತ್ತಿರ ಹಮಾಲರನ್ನು ನಿಲ್ಲಿಸಿದ. ದುರಗಪ್ಪನ ಎಡ ಚಪ್ಪಲಿ ಕೈಯಲ್ಲಿತ್ತು. ಅದರ ಅಂಚನ್ನು ಎಲ್ಲರ ಕೈಗೂ ಕೊಟ್ಟು ಮುಟ್ಟಿಸಿದ. ನಡೆದದ್ದು ಹೇಳಿದ.

"ನೀನ ಹೇಳಿದ್ದಿ, 'ಅದು ಹೇಳಿದ್ದು ನಾ ಹೇಳಿದ್ದು' ಅಂತ," ಅಂದ ಒಬ್ಬ ಹಿಂದಿನಿಂದ.

"ಹೌದಪಾ. ಹೇಳೀನಿ."

ಮೌಲಾಸಾಬ ಒಬ್ಬನೇ ನಗಲು ನೋಡಿದ. "ಈಗ ಯಾವ ಹುಲಗಪ್ಪನ ಮಾತು ಕೇಳೂನು ಕಾಕಾ? ಗೇಟಿನಾಗಿನವಂದೋ, ಸೇತುವಿ ಮ್ಯಾಲಿನವಂದೋ?"

"ಗೇಟಿನಾಗಿನವ ಸಾಲಿ ಕಲತಾನ. ಅವನ ಕೂಡ ಸಾಲಿ ಮಾತ ಆಡ್ರಿ," ಅಂದ ಹುಲಗಪ್ಪ. "ಕಾಲಿಗೆ ಇಳಿದ್ರ ಏರಿತು ಅನ್ರಿ. ಸೊಂಟಕ್ಕ ಏರಿದ್ರ ಇಳೀತು ಅನ್ರಿ."

ಮೂವತ್ತೆಂಟು ವರ್ಷದಲ್ಲಿ ಚೀಲದ ತೂಕ ಒಂದು ಸಲವೂ ತಪ್ಪಿ ಹೇಳಿರದವನು, ನಲವತ್ತು ಮಂದಿಗೆ ತಿರುಗುಮುರುಗು ಮಾತು ಕಲಿಸುತ್ತ ನಿಂತ. ಹೊಸ ಮಾತು ನಾಲಿಗೆಗೆ ಹೊಂದುವವರೆಗೆ ಒಬ್ಬೊಬ್ಬನಿಂದಲೂ ಹೇಳಿಸಿದ. ಅವತ್ತು ಇಪ್ಪತ್ನಾಲ್ಕು ಕೆಂಪು ಚೀಟಿ ಬಂದವು. ಗೋದಾಮಿನ ಬಾಗಿಲಲ್ಲಿ ಲಾರಿಗಳು ನಿಂತವು.

ಮಧ್ಯಾಹ್ನ ಅನಸೂಯಾಳ ಫೋನು ಬಂತು. "ಕಾಕಾ, ಮಂದಿಗೆ ಸುಳ್ಳು ಹೇಳಾಕ ಕಲಸಾಕತ್ತೀದಿ ಅಂತ ಮಿಲ್ಲಿನವ್ರು ದೂರು ಕೊಟ್ಟಾರ."

"ಇಲ್ಲವ್ವ. ಪುಸ್ತಕದ ಕನ್ನಡ ಕಲಸಾಕತ್ತೀನಿ," ಅಂದು ಫೋನು ಇಟ್ಟ. ಅದಾದ ಮೇಲೆ ಅವಳ ಹತ್ತಿರ ಅವನು ಮಾತಾಡಲಿಲ್ಲ.

ದೊಡ್ಡಾಸ್ಪತ್ರೆಯವರು ದುರಗಪ್ಪನಿಗೆ ಕರೆದುಕೊಂಡು ಹೋದ ದಿನವೇ ಆಪರೇಷನ್ ಮಾಡಿದ್ದರು. ನರದ ಮೇಲೆ ಕೂತಿದ್ದ ಗಡ್ಡೆಯಂಥದ್ದನ್ನು ತೆಗೆದಿದ್ದೇವೆ, ಆದರೆ ಬಹಳ ದಿನ ಹಿಸುಕಿದೆ, ನಾಲ್ಕು ದಿನದಲ್ಲಿ ಎಡಗಾಲಿನ ಹೆಬ್ಬೆರಳಿಗೆ ಮುಟ್ಟಿದ್ದು ತಿಳಿದರೆ ಪಾದ ಉಳಿಯುವ ಆಸೆ ಇಟ್ಟುಕೊಳ್ಳಬಹುದು ಅಂದರು. ಗೌರವ್ವ ಒಂದೊಂದು ದಿನವನ್ನೂ ಬಾಗುವುದನ್ನು ಎಣಿಸಿದ ಹಾಗೆ ಎಣಿಸಿದಳು.

ನಾಲ್ಕನೆಯ ದಿನ ಮಧ್ಯಾಹ್ನ ಹುಲಗಪ್ಪ ಹೋದಾಗ ದುರಗಪ್ಪ ದಿಂಬಿಗೆ ಒರಗಿ ಕೂತಿದ್ದ. ಮುಖ ತಿಳಿಯಾಗಿತ್ತು. ಎಷ್ಟೋ ದಿನದ ಮೇಲೆ ಹುಬ್ಬು ಗಂಟಿಲ್ಲದ ಮುಖ.

"ನೋವು ಏನಾತೋ?" ಅಂದ ಹುಲಗಪ್ಪ. ಅಂದ ಮೇಲೆ ತನ್ನ ದನಿ ತನಗೇ ಆ ಡಬ್ಬಿಯಿಂದ ಬಂದಂತೆ ಕೇಳಿತು.

"ಹಗುರಾತು ಮಾವ," ಅಂದ ದುರಗಪ್ಪ. "ಪೂರಾ ಹಗುರಾತು. ಕಾಲು ಇದ್ದಂಗ ಇಲ್ಲ ನೋಡು, ಅಷ್ಟು ಹಗುರ."

ಗೌರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಹುಲಗಪ್ಪ ನಗಲಿಲ್ಲ. ತಾನೇ ಕಲಿಸಿದ ಮಾತು, ಯಂತ್ರದಲ್ಲಿ ಕತ್ತರಿಸಿದರೂ ಅಳಿಯನ ಬಾಯಲ್ಲಿ ಉಳಿದ ಮಾತು. ಅದನ್ನೂ ಈಗ ನಂಬಲಾಗಲಿಲ್ಲ. ಮಂಚದ ಕಾಲ್ದೆಸೆಗೆ ಹೋಗಿ ನಿಂತ. ಹೊದಿಕೆಯ ಅಂಚು ಸರಿಸಿ, ಅಳಿಯನಿಗೆ ಕಾಣದ ಹಾಗೆ, ಎಡಗಾಲಿನ ಹೆಬ್ಬೆರಳನ್ನು ಎರಡು ಬೆರಳಲ್ಲಿ ಹಿಡಿದ. ಚೀಲದ ಕಿವಿ ಹಿಡಿದು ಹಿಡಿದು ಕಲ್ಲಾದ ಬೆರಳು ಅವು. ಉಗುರು ಊರಿ ಹಿಂಡಿದ.

"ಇದು ಗೊತ್ತಾಗತೈತೇನು?"

ದುರಗಪ್ಪ ಕಿಟಕಿಯ ಕಡೆ ನೋಡುತ್ತಿದ್ದವನು ಮಾವನ ಕಡೆ ತಿರುಗಿದ. ಮುಖದಲ್ಲಿ ಆ ತಿಳಿ ಹಾಗೇ ಇತ್ತು.

"ಯಾವುದು ಮಾವ?" ಅಂದ.